ರಾಜನ ಹೆಸರಿನ ನಿಧಿ, ಸರ್ಕಾರದ ಏಳು ಸಾವಿರ ಕ್ರೋನ

1992ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಫ್ರೆಡರಿಕ್ ಹೆನ್ರಿಕ್ಸನ್ ಎಂಬ ಡೇನಿಶ್ ಯುವಕ ರಾಜ್ಯಶಾಸ್ತ್ರ ಓದಲು ಬಂದು ಸೇರಿದ. ಹೆಸರು ಪೂರ್ತಿ ಸುಳ್ಳೇನಲ್ಲ. ತಂದೆ ಹೆನ್ರಿಕ್, ಹಾಗಾಗಿ ಮಗ ಹೆನ್ರಿಕ್ಸನ್. ತಾಯಿ ಡೆನ್ಮಾರ್ಕಿನ ರಾಣಿ ಎರಡನೇ ಮಾರ್ಗ್ರೆಟೆ ಎಂಬುದನ್ನು ಮಾತ್ರ ಆ ಹೆಸರು ಮುಚ್ಚಿಟ್ಟಿತ್ತು. ಒಂದು ವರ್ಷ ಅಲ್ಲಿದ್ದು, ಊರಿಗೆ ಮರಳಿ, 1995ರಲ್ಲಿ ಓರ್ಹುಸ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿದ ಆ ಯುವಕ 2024ರ ಜನವರಿ 14ರಂದು ಹತ್ತನೇ ಫ್ರೆಡರಿಕ್ ಆಗಿ ಡೆನ್ಮಾರ್ಕಿನ ದೊರೆಯಾದರು.

ಅವರು ಯುವರಾಜರಾಗಿದ್ದಾಗ ಅವರ ಹೆಸರಿನಲ್ಲಿ ಒಂದು ನಿಧಿ ಹುಟ್ಟಿಕೊಂಡಿತು. ಹಾರ್ವರ್ಡ್‌ನ ಕೆನಡಿ ಸ್ಕೂಲ್‌ನಲ್ಲಿ ಸ್ನಾತಕೋತ್ತರ ಓದಿಗೆ ಹೋಗುವ ಡೇನಿಶರಿಗೆ ನೆರವಾಗುವುದು ಅದರ ಕೆಲಸ. ಇದನ್ನು ಕೇಳಿದವರಿಗೆ ಒಂದು ಅನುಮಾನ ಬರಲೇಬೇಕು. ಡೆನ್ಮಾರ್ಕಿನಲ್ಲಿ ವಿಶ್ವವಿದ್ಯಾಲಯದ ಓದು ಉಚಿತ. ಶುಲ್ಕವಿಲ್ಲ ಎಂಬುದಷ್ಟೇ ಅಲ್ಲ, ಓದುವವರ ಖಾತೆಗೆ ಸರ್ಕಾರವೇ ತಿಂಗಳು ತಿಂಗಳು ಹಣ ಹಾಕುತ್ತದೆ. ಅಂಥ ದೇಶದ ಹುಡುಗ ಹುಡುಗಿಯರಿಗೆ ಇನ್ಯಾವ ವಿದ್ಯಾರ್ಥಿವೇತನ, ಇನ್ಯಾಕೆ?

ಉತ್ತರಕ್ಕೆ ಮೊದಲು ಆ ಓದು ಎಂಥದ್ದೆಂದು ನೋಡಬೇಕು. ಸಾರ್ವಜನಿಕ ನೀತಿ, ಅಂದರೆ ಪಬ್ಲಿಕ್ ಪಾಲಿಸಿ, ಎಂಬ ಪದವಿ ನಮಗೂ ಈಗ ಹೊಸದಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 2014ರಿಂದ ಆ ಹೆಸರಿನ ಎರಡು ವರ್ಷದ ಕೋರ್ಸ್ ಇದೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಆಯವ್ಯಯ, ಕಾನೂನು, ಆಡಳಿತ ಇವಿಷ್ಟನ್ನೂ ಒಂದೇ ಕಡೆ ಕಲಿಸಿ, ಸರ್ಕಾರ ಎದುರಿಸುವ ಒಂದು ಸಮಸ್ಯೆ ಕೊಟ್ಟು, ‘ಏನು ಮಾಡಬೇಕು ಹೇಳು, ಎರಡು ಪುಟದಲ್ಲಿ ಹೇಳು’ ಎನ್ನುವ ಓದು ಇದು. ಕೆನಡಿ ಸ್ಕೂಲ್‌ನ ಎಂಪಿಪಿ, ಅಂದರೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯ, ವಿದ್ಯಾರ್ಥಿಗಳು ಎರಡನೇ ವರ್ಷ ಮಾಡುವ ಅಂತಿಮ ಕೆಲಸ ಪ್ರಬಂಧವಲ್ಲ. ಯಾವುದಾದರೂ ಸರ್ಕಾರಿ ಇಲಾಖೆಯನ್ನೋ ಸಂಸ್ಥೆಯನ್ನೋ ಕಕ್ಷಿದಾರನನ್ನಾಗಿ ಹಿಡಿದು, ಅವರ ಒಂದು ನಿಜವಾದ ತೊಡಕಿಗೆ ಪರಿಹಾರ ಬರೆದುಕೊಡಬೇಕು. 1930ರ ದಶಕದಲ್ಲಿ ಲೂಷಿಯಸ್ ಲಿಟಾವರ್ ಎಂಬ ಕೈಗವಸು ಉದ್ಯಮಿ ಕೊಟ್ಟ 20 ಲಕ್ಷ ಡಾಲರ್ ದಾನದಿಂದ ಶುರುವಾದ ಈ ಶಾಲೆಗೆ 1966ರಲ್ಲಿ ಕೆನಡಿ ಹೆಸರು ಬಂತು.

ಡೆನ್ಮಾರ್ಕಿನಲ್ಲಿ ಸರ್ಕಾರಿ ಕೆಲಸಕ್ಕೆ ಹೋಗುವವರ ದಾರಿ ಬೇರೆ. ಅಲ್ಲಿ ಸಚಿವಾಲಯಗಳನ್ನು ನಡೆಸುವವರು ಹೆಚ್ಚಾಗಿ ಕಾನೂನು, ಅರ್ಥಶಾಸ್ತ್ರ ಇಲ್ಲವೆ ರಾಜ್ಯಶಾಸ್ತ್ರ ಓದಿದವರು. ದೇಶದ ಮೊದಲ ರಾಜ್ಯಶಾಸ್ತ್ರ ವಿಭಾಗ ಓರ್ಹುಸ್‌ನಲ್ಲಿ ಶುರುವಾದದ್ದು 1959ರಲ್ಲಿ. ಮೂರು ವರ್ಷ ಪದವಿ, ಎರಡು ವರ್ಷ ಸ್ನಾತಕೋತ್ತರ, ಆಮೇಲೆ ನೇರ ಸಚಿವಾಲಯದ ಮೇಜು. ಅದರಲ್ಲೇನೂ ಕೊರತೆಯಿಲ್ಲ. ಆದರೂ ಕೆಲವರಿಗೆ ಹೊರಗೆ ಹೋಗಬೇಕು ಅನ್ನಿಸುತ್ತದೆ, ಹೋದವರು ಮುಂದೆ ಬಂದದ್ದೂ ಇದೆ. 2011ರಿಂದ 2015ರವರೆಗೆ ಪ್ರಧಾನಿಯಾಗಿದ್ದ ಹೆಲೆ ಥಾರ್ನಿಂಗ್-ಶ್ಮಿಟ್ ಬೆಲ್ಜಿಯಂನ ಬ್ರೂಜ್‌ನಲ್ಲಿರುವ ಕಾಲೇಜ್ ಆಫ್ ಯೂರೋಪ್‌ನಲ್ಲಿ ಓದಿದವರು. 2019ರಿಂದ 2022ರವರೆಗೆ ವಿದೇಶಾಂಗ ಸಚಿವರಾಗಿದ್ದ ಯೆಪ್ಪೆ ಕೋಫೋಡ್ ಕೆನಡಿ ಸ್ಕೂಲ್‌ನಿಂದ ಸಾರ್ವಜನಿಕ ಆಡಳಿತದ ಪದವಿ ಪಡೆದವರು.

ಈಗ ದುಡ್ಡಿನ ಮಾತಿಗೆ ಬರೋಣ.

ಡೇನಿಶ್ ವಿದ್ಯಾರ್ಥಿಗಳ ಬದುಕು ನಿಂತಿರುವುದು ಎಸ್‌ಯು ಎಂದು ಎಲ್ಲರೂ ಕರೆಯುವ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ. ಮನೆ ಬಿಟ್ಟು ಬೇರೆ ಇದ್ದು ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ತೆರಿಗೆಗೆ ಮುಂಚೆ ತಿಂಗಳಿಗೆ ಸುಮಾರು 7,000 ಕ್ರೋನ ಸಿಗುತ್ತದೆ. ಒಂದು ಕ್ರೋನಕ್ಕೆ ಹದಿಮೂರು ರೂಪಾಯಿ ಲೆಕ್ಕ ಹಿಡಿದರೆ ತೊಂಬತ್ತು ಸಾವಿರ ರೂಪಾಯಿ ಚಿಲ್ಲರೆ. ಇದಕ್ಕೆ ರ‍್ಯಾಂಕ್ ಬೇಕಿಲ್ಲ, ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ. ಅಪ್ಪ ಅಮ್ಮ ಎಷ್ಟು ದುಡಿಯುತ್ತಾರೆಂದು ಕೇಳುವುದೂ ಇಲ್ಲ. ಹಡಗು ಕಂಪನಿ ಮಾಲೀಕನ ಮಗಳಿಗೂ ಬಸ್ ಚಾಲಕನ ಮಗನಿಗೂ ಅಷ್ಟೇ ಮೊತ್ತ. ನಮ್ಮಲ್ಲಿ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿ ಮುಂದೆ ನಿಂತವರಿಗೆ ಇದು ನಂಬಲು ಕಷ್ಟವಾದೀತು. ಹದಿನೆಂಟು ದಾಟಿದವರು ವಯಸ್ಕರು, ವಯಸ್ಕರ ಓದಿನ ಹೊಣೆ ಅಪ್ಪನ ಜೇಬಿನದಲ್ಲ ಎಂಬುದು ಅಲ್ಲಿನ ನಂಬಿಕೆ. ಬೇಕಾದವರಿಗೆ ಎಸ್‌ಯು ಸಾಲವೂ ಇದೆ. ಓದುವಾಗ ಶೇ 4ರ ಬಡ್ಡಿ, ಓದು ಮುಗಿದ ಮೇಲೆ ಡೆನ್ಮಾರ್ಕಿನ ಕೇಂದ್ರ ಬ್ಯಾಂಕಿನ ದರದ ಮೇಲೆ ಶೇ 1.

ಮುಖ್ಯವಾದ ವಿಷಯ ಇನ್ನೂ ಇದೆ. ಈ ಹಣ ಗಡಿ ದಾಟುತ್ತದೆ. ಕೋಪನ್‌ಹೇಗನ್‌ನಲ್ಲಿ ಓದಿದರೆ ಬರುವ ಎಸ್‌ಯು ಬರ್ಲಿನ್‌ನಲ್ಲಿ ಓದಿದರೂ ಬರುತ್ತದೆ, ಬಾಸ್ಟನ್‌ನಲ್ಲಿ ಓದಿದರೂ ಬರುತ್ತದೆ. ಪೂರ್ತಿ ಪದವಿಯನ್ನೇ ಹೊರದೇಶದಲ್ಲಿ ಮಾಡುವುದಾದರೆ ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ ಸಿಗುತ್ತದೆ. ಶರತ್ತುಗಳಿವೆ: ಆ ಕೋರ್ಸಿಗೆ ಆ ದೇಶದ ಮಾನ್ಯತೆ ಇರಬೇಕು, ಅರ್ಜಿದಾರರು ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಡೆನ್ಮಾರ್ಕಿನಲ್ಲಿ ವಾಸವಾಗಿರಬೇಕು. ಜೀವನವೆಚ್ಚಕ್ಕೆಂದು ಬೇರೆ ಸರ್ಕಾರದ ಹಣ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ವಿದೇಶದಲ್ಲಿ ನೆಲೆಸಿದ ಡೇನಿಶರ ಮಕ್ಕಳು ಈ ಎರಡು ವರ್ಷದ ಶರತ್ತಿಗೆ ಸಿಕ್ಕಿ ಒದ್ದಾಡುವುದುಂಟು. ಇನ್ನೊಂದು ದಿಕ್ಕಿನಿಂದಲೂ ಜಗಳ ಬಂತು. ಡೆನ್ಮಾರ್ಕಿಗೆ ದುಡಿಯಲು ಬಂದು ಓದು ಹಿಡಿದ ಐರೋಪ್ಯ ಒಕ್ಕೂಟದ ಪ್ರಜೆಗಳಿಗೂ ಎಸ್‌ಯು ಕೊಡಬೇಕೆಂಬ ಅರ್ಥದ ತೀರ್ಪು 2013ರ ಫೆಬ್ರವರಿಯಲ್ಲಿ ಐರೋಪ್ಯ ನ್ಯಾಯಾಲಯದಿಂದ ಬಂದಾಗ ಅಲ್ಲಿನ ರಾಜಕಾರಣಿಗಳು ತಲೆ ಮೇಲೆ ಕೈ ಹೊತ್ತು ಕೂತರು.

ಎಸ್‌ಯು ಊಟ, ಬಾಡಿಗೆಗೆ. ಶುಲ್ಕದ ಪಾಡೇನು? ಅದಕ್ಕೆ 2008ರಿಂದ ಇನ್ನೊಂದು ಸರ್ಕಾರಿ ನೆರವು ಇದೆ. ಇದರ ಹಿಂದಿನ ತರ್ಕ ಚೊಕ್ಕವಾಗಿದೆ: ನೀನು ಇಲ್ಲೇ ಓದಿದ್ದರೆ ನಿನ್ನ ತಲೆಗೆ ಇಷ್ಟು ಎಂದು ವಿಶ್ವವಿದ್ಯಾಲಯಕ್ಕೆ ನಾವು ಕೊಡುತ್ತಿದ್ದೆವು, ಹೊರಗೆ ಹೋಗುತ್ತೀಯಾದರೆ ಅಷ್ಟನ್ನೇ ಅಲ್ಲಿನ ಶುಲ್ಕಕ್ಕೆ ಕೊಡುತ್ತೇವೆ, ಹೆಚ್ಚೆಂದರೆ ಎರಡು ವರ್ಷ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಡೇನಿಶ್ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಕೊಡುವ ತಲೆಲೆಕ್ಕದಲ್ಲಿ ಮೂರು ದರ್ಜೆಗಳಿವೆ. ಪ್ರಯೋಗಾಲಯ ಬೇಕಾದ ವಿಜ್ಞಾನ, ವೈದ್ಯಕೀಯಕ್ಕೆ ಮೇಲಿನ ದರ, ಪುಸ್ತಕ ಮತ್ತು ಕುರ್ಚಿ ಸಾಕೆನ್ನುವ ಸಮಾಜವಿಜ್ಞಾನಕ್ಕೆ ಕೆಳಗಿನ ದರ. ಸಾರ್ವಜನಿಕ ನೀತಿ ಬರುವುದು ಈ ಕೆಳಗಿನ ಸಾಲಿನಲ್ಲಿ. ಅಮೆರಿಕದ ಶಾಲೆಗಳು ಮಾತ್ರ ಶುಲ್ಕ ನಿಗದಿ ಮಾಡುವಾಗ ಪ್ರಯೋಗಾಲಯ ಇದೆಯೋ ಇಲ್ಲವೋ ನೋಡುವುದಿಲ್ಲ. ಹೀಗಾಗಿ ಅಲ್ಲಿ ದುಬಾರಿಯಾದ ಈ ಓದಿಗೇ ಡೆನ್ಮಾರ್ಕಿನ ಶುಲ್ಕ ನೆರವು ಅತಿ ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. ಓರ್ಹುಸ್‌ನ ಒಬ್ಬ ಹುಡುಗಿಗೆ ಕೆನಡಿ ಸ್ಕೂಲ್‌ನಲ್ಲಿ ಎರಡು ವರ್ಷದ ಎಂಪಿಪಿಗೆ ಸೀಟು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಕಲಿಕಾ ಶುಲ್ಕವೇ ವರ್ಷಕ್ಕೆ 60,000 ಡಾಲರ್ ಆಸುಪಾಸು. ಬಾಡಿಗೆ, ಊಟ, ಆರೋಗ್ಯ ವಿಮೆ, ಪುಸ್ತಕ ಸೇರಿದರೆ 90,000 ಡಾಲರ್ ದಾಟುತ್ತದೆ. ಕ್ರೋನಕ್ಕೆ ತಿರುಗಿಸಿದರೆ ವರ್ಷಕ್ಕೆ ಸುಮಾರು 6 ಲಕ್ಷ, ಎರಡು ವರ್ಷಕ್ಕೆ 12 ಲಕ್ಷ. ರೂಪಾಯಿಯಲ್ಲಿ ಒಂದೂವರೆ ಕೋಟಿ. ಎಸ್‌ಯುನಿಂದ ಎರಡು ವರ್ಷಕ್ಕೆ ಬರುವುದು ತೆರಿಗೆಗೆ ಮುಂಚೆ 1,68,000 ಕ್ರೋನ. ತಿಂಗಳಿಗೆ ಸಾವಿರ ಡಾಲರ್ ಎಂದರೆ ಹಾರ್ವರ್ಡ್ ಇರುವ ಕೇಂಬ್ರಿಜ್ ಊರಿನಲ್ಲಿ ಒಂದು ಕೋಣೆಯ ಬಾಡಿಗೆಗೂ ಸಾಲದು. ಸರ್ಕಾರದ ಶುಲ್ಕ ನೆರವು ಸೇರಿಸಿದರೂ ಒಟ್ಟು ವೆಚ್ಚದ ಕಾಲು ಭಾಗ ತುಂಬುವುದೇ ಹೆಚ್ಚು. ಶುಲ್ಕದ ಬಾಕಿಗೆ ಸರ್ಕಾರಿ ಸಾಲ ಸಿಗುತ್ತದೆ, ಅದಕ್ಕೂ ಮಿತಿಯಿದೆ. ಉಳಿದದ್ದನ್ನು ಹೊಂದಿಸುವುದು ಹೇಗೆ?

ಇಲ್ಲಿಂದ ಖಾಸಗಿ ನಿಧಿಗಳ ಲೋಕ ತೆರೆದುಕೊಳ್ಳುತ್ತದೆ. ಡೇನಿಶರು ಇವನ್ನು ಲೆಗಾಟ್ ಎನ್ನುತ್ತಾರೆ. ಸತ್ತವರು ಬಿಟ್ಟುಹೋದ ಹಣದಿಂದ ಬದುಕಿರುವವರನ್ನು ಓದಿಸುವ ಈ ಪದ್ಧತಿ ಅಲ್ಲಿ ಬಹಳ ಹಳೆಯದು. ವಿದ್ಯಾರ್ಥಿನಿಲಯಗಳಿಗೂ ಅಂಥದೇ ಇತಿಹಾಸವಿದೆ. ಕೋಪನ್‌ಹೇಗನ್‌ನ ರೆಗೆನ್ಸನ್ ವಿದ್ಯಾರ್ಥಿನಿಲಯ 1623ರಲ್ಲಿ ದೊರೆ ನಾಲ್ಕನೇ ಕ್ರಿಶ್ಚಿಯನ್ ಕಟ್ಟಿಸಿದ್ದು, ಇಂದಿಗೂ ಅಲ್ಲಿ ವಿದ್ಯಾರ್ಥಿಗಳಿದ್ದಾರೆ. ವಿದೇಶ ಓದಿಗೆ ದುಡ್ಡು ಕೊಡುವುದಕ್ಕೂ ಅಷ್ಟೇ ಉದ್ದದ ಚರಿತ್ರೆಯಿದೆ. ಡೇನಿಶ್ ಸಾಹಿತ್ಯದ ಹಿರಿಯ ಲುಡ್ವಿಗ್ ಹೋಲ್ಬರ್ಗ್‌ಗೆ 1714ರಲ್ಲಿ ರೋಸನ್‌ಕ್ರಾಂಟ್ಸ್ ಹೆಸರಿನ ವೇತನ ಸಿಕ್ಕಿತು. ವರ್ಷಕ್ಕೆ 100 ರಿಗ್ಸ್‌ಡಾಲರ್, ನಾಲ್ಕು ವರ್ಷ. ಪ್ರಾಟೆಸ್ಟಂಟ್ ವಿಶ್ವವಿದ್ಯಾಲಯಗಳಿಗೆ ಹೋಗಬೇಕೆಂಬುದು ದಾನಿಯ ಇಚ್ಛೆ. ಪುಣ್ಯಾತ್ಮ ಹೋದದ್ದು ಪ್ಯಾರಿಸ್‌ಗೆ, ಅಲ್ಲಿಂದ ಪೋಪ್ ಇರುವ ರೋಮ್‌ಗೇ! ಕೈಯಲ್ಲಿ ಕಾಸು ಕಡಿಮೆ, ದಾರಿಯ ಬಹುಪಾಲು ನಡೆದೇ ಸವೆಸಿದ. ಶರತ್ತು ಮುರಿದು ಕಂಡ ಲೋಕವೇ ಮುಂದೆ ಆತನ ಹಾಸ್ಯ ನಾಟಕಗಳಿಗೆ ಬಂಡವಾಳವಾಯಿತು ಎಂದು ನನಗನ್ನಿಸುತ್ತದೆ. ಮಕ್ಕಳ ಕಥೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕೂಡ 1833ರಲ್ಲಿ ಇಟಲಿಗೆ ಹೊರಟದ್ದು ರಾಜ ಕೊಟ್ಟ ಪ್ರವಾಸ ವೇತನದಲ್ಲಿ.

ಇಂದಿನ ದಾನಿಗಳು ಉದ್ಯಮಿಗಳ ಪ್ರತಿಷ್ಠಾನಗಳು. ಗುತ್ತಿಗೆದಾರ ಕ್ನುಡ್ ಹೊಯ್‌ಗೋರ್ ಹೆಸರಿನದು 1944ರದು. ಶ್ರವಣ ಸಾಧನ ತಯಾರಿಸುವ ಓಟಿಕಾನ್ ಕಂಪನಿಯ ಹಿಂದಿರುವ ವಿಲಿಯಂ ಡೆಮಾಂಟ್ ಪ್ರತಿಷ್ಠಾನ 1957ರದು. ಇಂಥವು ವಿದೇಶದಲ್ಲಿ ಓದುವವರಿಗೆ ಸಣ್ಣ ಮೊತ್ತಗಳನ್ನು ಹಂಚುತ್ತ ಬಂದಿವೆ. ಒಬ್ಬರಿಂದಲೇ ಪೂರ್ತಿ ಖರ್ಚು ಹೊರಡುವುದಿಲ್ಲ. ಅರ್ಜಿ ಹಾಕುವವರ ಎದುರು ಒಂದು ಬಜೆಟ್ ಹಾಳೆ ಇರುತ್ತದೆ. ಎಡಗಡೆ ಶುಲ್ಕ, ಬಾಡಿಗೆ, ವಿಮಾನ, ವಿಮೆ, ವೀಸಾ. ಬಲಗಡೆ ಎಸ್‌ಯು, ಸಾಲ, ಸ್ವಂತ ಉಳಿತಾಯ, ಮತ್ತೆ ಬೇರೆಲ್ಲೆಲ್ಲಿ ಅರ್ಜಿ ಹಾಕಿದ್ದೀರಿ, ಎಷ್ಟು ಕೇಳಿದ್ದೀರಿ, ಯಾರು ಕೊಟ್ಟರು, ಯಾರು ಇನ್ನೂ ಉತ್ತರಿಸಿಲ್ಲ. ಕೆಳಗೆ ಬಾಕಿ ಎಷ್ಟು ಎಂಬ ಒಂದು ಸಾಲು. ಪ್ರತಿ ನಿಧಿಗೂ ಈ ಹಾಳೆ ಹೊಸದಾಗಿ ಬರೆಯಬೇಕು, ಏಕೆಂದರೆ ನಿನ್ನೆ ಬಂದ ‘ವಿಷಾದವಿದೆ’ ಪತ್ರ ಇಂದಿನ ಮೊತ್ತವನ್ನು ಬದಲಿಸಿರುತ್ತದೆ. ಪ್ರವೇಶ ಪತ್ರ ಕೈಗೆ ಬರುವುದು ಮಾರ್ಚ್ ಹೊತ್ತಿಗೆ. ಬರುತ್ತೇನೋ ಇಲ್ಲವೋ ಎಂದು ಕೆಲವು ವಾರಗಳಲ್ಲಿ ಶಾಲೆಗೆ ತಿಳಿಸಬೇಕು. ಅನೇಕ ಪ್ರತಿಷ್ಠಾನಗಳು ಪ್ರವೇಶ ಪತ್ರ ನೋಡದೆ ಅರ್ಜಿಯನ್ನೇ ಮುಟ್ಟುವುದಿಲ್ಲ, ನೋಡಿದ ಮೇಲೂ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಹಣ ಕೈಗೆ ಬರುವ ಮೊದಲೇ ‘ಹೂಂ’ ಎನ್ನಲು ಧೈರ್ಯ ಬೇಕು, ಬೆನ್ನ ಹಿಂದೆ ಕುಟುಂಬದ ಮನೆಯೋ ಠೇವಣಿಯೋ ಇದ್ದರೆ ಆ ಧೈರ್ಯ ಸುಲಭವಾಗಿ ಬರುತ್ತದೆ.

ಅಮೆರಿಕಕ್ಕೆ ಹೊರಟವರಿಗೆ ಇನ್ನೆರಡು ಬಾಗಿಲುಗಳಿವೆ. 1914ರಷ್ಟು ಹಳೆಯದಾದ ಡೆನ್ಮಾರ್ಕ್–ಅಮೆರಿಕ ಪ್ರತಿಷ್ಠಾನ ಒಂದು, 1951ರಲ್ಲಿ ಎರಡು ಸರ್ಕಾರಗಳ ಒಪ್ಪಂದದಿಂದ ಶುರುವಾದ ಫುಲ್‌ಬ್ರೈಟ್ ಆಯೋಗ ಇನ್ನೊಂದು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿದೇಶಗಳಲ್ಲಿ ಉಳಿದಿದ್ದ ಅಮೆರಿಕದ ಯುದ್ಧ ಸಾಮಗ್ರಿ ಮಾರಿ ಬಂದ ಹಣವನ್ನು ವಿದ್ಯಾರ್ಥಿ ವಿನಿಮಯಕ್ಕೆ ಬಳಸಬಹುದೆಂಬ ಸೆನೆಟರ್ ಫುಲ್‌ಬ್ರೈಟ್‌ರ ಯೋಚನೆ 1946ರಲ್ಲಿ ಕಾನೂನಾಯಿತು. ಇದರಲ್ಲಿ ಒಂದು ಶರತ್ತಿದೆ. ಈ ಹಣದಲ್ಲಿ ಹೋದವರು ಓದು ಮುಗಿಸಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಕಳೆಯದೆ ಅಮೆರಿಕದಲ್ಲಿ ಉದ್ಯೋಗ ವೀಸಾ, ಗ್ರೀನ್ ಕಾರ್ಡ್ ಪಡೆಯುವಂತಿಲ್ಲ. ವಿಚಿತ್ರ ನೋಡಿ, ಲಕ್ಷಗಟ್ಟಲೆ ಕ್ರೋನ ಕೊಟ್ಟ ಡೇನಿಶ್ ಸರ್ಕಾರ ‘ಮರಳಿ ಬಾ’ ಎಂದು ಬರೆಸಿಕೊಳ್ಳುವುದಿಲ್ಲ, ಅವರನ್ನು ಊರಿಗೆ ಕಳಿಸುವುದು ಅಮೆರಿಕದ ಕಾನೂನು. ಬರೋಡದ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿದಾಗ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು ಮಾಡಿಕೊಂಡಿದ್ದನ್ನು ಬಲ್ಲ ನಮಗೆ ಡೇನಿಶರ ಈ ಉದಾರತೆ ಸ್ವಲ್ಪ ಅತಿಯೆನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬಾಳಲು ಯೋಗ್ಯವಾದ ಊರಿಗೆ ಮಕ್ಕಳು ತಾವಾಗಿಯೇ ಮರಳುತ್ತಾರೆ ಎಂಬ ವಿಶ್ವಾಸ ಅದರ ಹಿಂದಿದೆ.

ಒಂದೇ ಶಾಲೆಗೆ ಕಟ್ಟಿಹಾಕಿದ ನಿಧಿಯ ಅಪಾಯ ಏನೆಂದು 2025 ತೋರಿಸಿತು. ಆ ವರ್ಷದ ಮೇ 22ರಂದು ಟ್ರಂಪ್ ಸರ್ಕಾರ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅಧಿಕಾರವನ್ನೇ ರದ್ದು ಮಾಡಿತು. ನ್ಯಾಯಾಲಯ ಕೂಡಲೇ ತಡೆಯಿತು. ಜೂನ್‌ನಲ್ಲಿ ಇನ್ನೊಂದು ಆದೇಶ, ಇನ್ನೊಂದು ತಡೆ. ಆಗ ಕೆನಡಿ ಸ್ಕೂಲ್‌ನಲ್ಲಿ ಮೊದಲ ವರ್ಷ ಮುಗಿಸಿ ಎರಡನೇ ವರ್ಷಕ್ಕೆ ಕಾಯುತ್ತಿದ್ದವರಲ್ಲಿ ಬೆಲ್ಜಿಯಂನ ರಾಜಕುಮಾರಿ ಎಲಿಸಬೆತ್ ಕೂಡ ಇದ್ದರು. ಅದೇ ಜೂನ್‌ನಲ್ಲಿ ಅಮೆರಿಕ ಸರ್ಕಾರ ಆಯ್ಕೆಯಲ್ಲಿ ಕೈಹಾಕುತ್ತಿದೆ ಎಂದು ದೂರಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು. ಗ್ರೀನ್‌ಲ್ಯಾಂಡ್ ವಿಷಯದಲ್ಲಿ ಕೋಪನ್‌ಹೇಗನ್–ವಾಷಿಂಗ್ಟನ್ ಮುಖ ಮುರಿದುಕೊಂಡದ್ದೂ ಅದೇ ವರ್ಷ. ಅಮೆರಿಕಕ್ಕೆ ಬೆನ್ನು ತಿರುಗಿಸಿ ಎಂದು ನಾನು ಹೇಳುತ್ತಿಲ್ಲ. ಸಾರ್ವಜನಿಕ ನೀತಿ ಕಲಿಯಲು ಜಗತ್ತಿನಲ್ಲಿ ಒಂದೇ ಊರು ಎಂಬಂತೆ ಹಣ ಇಡುವುದು ಜಾಣತನವಲ್ಲ ಎನ್ನುತ್ತಿದ್ದೇನೆ.

ಐರೋಪ್ಯ ಒಕ್ಕೂಟ ಬಿಟ್ಟ ಬ್ರಿಟನ್ ಮೊದಲಿನಷ್ಟು ಹತ್ತಿರವಿಲ್ಲ. 2021ರ ಶೈಕ್ಷಣಿಕ ವರ್ಷದಿಂದ ಹೊಸದಾಗಿ ಸೇರುವ ಐರೋಪ್ಯ ವಿದ್ಯಾರ್ಥಿಗಳೂ ಅಲ್ಲಿ ಪರದೇಶಿಗಳ ಶುಲ್ಕವನ್ನೇ ಕಟ್ಟಬೇಕು. ಭಾರತೀಯರಿಗೆ ಸಿಗುವ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನಕ್ಕೆ ಡೇನಿಶರು ಅರ್ಜಿ ಹಾಕುವಂತಿಲ್ಲ, ಅವರ ದೇಶ ಪಟ್ಟಿಯಲ್ಲಿಲ್ಲ. ಶ್ರೀಮಂತ ದೇಶದ ಪಾಸ್‌ಪೋರ್ಟ್ ಇದ್ದರೆ ಮುಚ್ಚಿಕೊಳ್ಳುವ ಬಾಗಿಲುಗಳೂ ಇವೆ ಎಂಬುದು ನಮ್ಮವರಿಗೆ ಅಷ್ಟಾಗಿ ಹೊಳೆಯದ ಸಂಗತಿ.

ಹಾಗೆ ನೋಡಿದರೆ ಒಳ್ಳೆಯ ದಾರಿ ಮನೆಯ ಪಕ್ಕದಲ್ಲೇ ಇದೆ. ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್‌ಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಡೇನಿಶರಿಗೆ ಶುಲ್ಕವಿಲ್ಲ, ಎಸ್‌ಯು ಹಣವೇ ಸಾಕು. ಬರ್ಲಿನ್‌ನಲ್ಲಿ 2003ರಲ್ಲಿ ಶುರುವಾದ ಹರ್ಟಿ ಸ್ಕೂಲ್ ಖಾಸಗಿಯಾದರೂ ಅಮೆರಿಕದ ಶುಲ್ಕದ ಹತ್ತಿರಕ್ಕೂ ಬರುವುದಿಲ್ಲ. ಪ್ಯಾರಿಸ್‌ನ ಸಿಯಾನ್ಸ್ ಪೋ ಐರೋಪ್ಯರಿಗೆ ಕುಟುಂಬದ ಆದಾಯ ನೋಡಿ ಶುಲ್ಕ ಹಾಕುತ್ತದೆ, ಬಡವರಿಗೆ ಸೊನ್ನೆ. ಬೇರೆ ಇದ್ದು ಓದುವವರ ಅಪ್ಪನ ಸಂಬಳ ಎಷ್ಟೆಂದು ಸರ್ಕಾರ ಕೇಳದ ದೇಶದಿಂದ ಬಂದವರಿಗೆ ಅಲ್ಲಿ ತೆರಿಗೆ ಪತ್ರ ತೋರಿಸುವುದು ಮುಜುಗರದ ಕೆಲಸವಾದೀತು. ಇನ್ನು ಎರಾಸ್ಮಸ್ ಮುಂಡುಸ್ ಇದೆ. ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಈ ಜಂಟಿ ಪದವಿಗಳಿಗೆ ಆಯ್ಕೆಯಾಗಿ ವೇತನ ಪಡೆದರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ ಕೂಡ ಬರುತ್ತದೆ. ಸಾರ್ವಜನಿಕ ನೀತಿಗೆಂದೇ ಮುಂಡುಸ್ ಮ್ಯಾಪ್ ಎಂಬ ಕೋರ್ಸ್ ಹುಟ್ಟಿಕೊಂಡಿತು. ಹೇಗ್, ವಿಯೆನ್ನಾ, ಬಾರ್ಸಿಲೋನಾ, ಯಾರ್ಕ್‌ನ ಸಂಸ್ಥೆಗಳು ಅದರ ಪಾಲುದಾರರು.

ಆದರೆ ಎಸ್‌ಯು ಕೂಡ ಮೊದಲಿನಂತಿಲ್ಲ. ಹಿಂದೆ ಉನ್ನತ ಶಿಕ್ಷಣಕ್ಕೆ ಒಟ್ಟು 70 ತಿಂಗಳ ವೇತನದ ಖಾತೆ ಇರುತ್ತಿತ್ತು. 2025ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಅದನ್ನು 58ಕ್ಕೆ ಇಳಿಸಿದ್ದಾರೆ. ಸೆಪ್ಟೆಂಬರ್‌ನಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುವ ಐದು ವರ್ಷದ ಓದಿಗೆ ಅದು ಸರಿಯಾಗಿ ಸಾಕು, ಒಂದು ತಿಂಗಳೂ ಮಿಗುವುದಿಲ್ಲ.  ಮೊದಲ ವರ್ಷ ಎಂಜಿನಿಯರಿಂಗ್‌ಗೆ ಸೇರಿ, ತನಗಿದು ಆಗದೆಂದು ರಾಜ್ಯಶಾಸ್ತ್ರಕ್ಕೆ ಹಾರಿದವರ ಖಾತೆ ವಿದೇಶದಲ್ಲಿದ್ದಾಗಲೇ ಖಾಲಿಯಾಗುತ್ತದೆ. ಇದರ ಜೊತೆಗೆ 2023ರ ರಾಜಕೀಯ ಒಪ್ಪಂದದಂತೆ ಕೆಲವು ಸ್ನಾತಕೋತ್ತರ ಪದವಿಗಳನ್ನು ಎರಡು ವರ್ಷದಿಂದ ಒಂದೂಕಾಲು ವರ್ಷದಷ್ಟಕ್ಕೆ ಇಳಿಸುವ ಕೆಲಸ 2028ರಿಂದ ಜಾರಿಗೆ ಬರಲಿದೆ. ಅಷ್ಟು ಬಿಗಿದ ವೇಳಾಪಟ್ಟಿಯಲ್ಲಿ ಒಂದು ಸೆಮಿಸ್ಟರ್ ಹೊರಗೆ ಹೋಗಿ ಬರಲೂ ಜಾಗವಿರುವುದಿಲ್ಲ.

ರಾಜನ ಹೆಸರಿನ ನಿಧಿ, ಫುಲ್‌ಬ್ರೈಟ್, ಉದ್ಯಮಿಗಳ ಪ್ರತಿಷ್ಠಾನ ಇವಕ್ಕೆ ಸಿಗುವ ಪ್ರಚಾರ ಎಸ್‌ಯುಗೆ ಸಿಗುವುದಿಲ್ಲ, ಪತ್ರಿಕೆಯಲ್ಲಿ ಅದರ ಫೋಟೊ ಬರುವುದಿಲ್ಲ. ಆದರೂ ಡೆನ್ಮಾರ್ಕಿನ ಅಸಲಿ ವಿದ್ಯಾರ್ಥಿವೇತನ ಯಾರ ಮುಂದೆಯೂ ಕೈಚಾಚದೆ ಸಿಗುವ ಆ ಏಳು ಸಾವಿರ ಕ್ರೋನವೇ. ಅದನ್ನು ಮೊಟಕು ಮಾಡಿ, ಕೊರತೆಯನ್ನು ದಾನಿಗಳು ತುಂಬಲಿ ಎಂದು ಬಿಟ್ಟರೆ, ಮುಂದೆ ದೇಶದ ನೀತಿ ಬರೆಯುವವರು ಯಾರೆಂಬುದು ಚೆನ್ನಾಗಿ ಅರ್ಜಿ ಬರೆಯಬಲ್ಲವರ ಪಾಲಾಗುತ್ತದೆ. ಹಣಕಾಸು ಸಚಿವಾಲಯದಲ್ಲಿ ಕೂತು ಬಡವರ ಭತ್ಯೆ ಕಡಿತದ ಟಿಪ್ಪಣಿ ಬರೆಯುವ ಅಧಿಕಾರಿ ಯಾವ ಮನೆಯಿಂದ ಬಂದವರು ಎಂಬುದು ಸಣ್ಣ ವಿಷಯವಲ್ಲ. ಸಮಾಜವಿಜ್ಞಾನದವರಿಗೆ ವಿದೇಶ ಶುಲ್ಕದ ನೆರವನ್ನು ವಿಜ್ಞಾನದ ದರಕ್ಕೆ ಏರಿಸಿದರೆ ಡೇನಿಶ್ ಖಜಾನೆ ಬರಿದಾಗುವುದಿಲ್ಲ. ಹೊರಗೆ ಹೋಗುವವರ ಸಂಖ್ಯೆಯೇ ಸಣ್ಣದು.

ನಮ್ಮ ಓದುಗರಿಗೆ ಒಂದು ಮಾತು. ಕೋಪನ್‌ಹೇಗನ್‌ಗೋ ಓರ್ಹುಸ್‌ಗೋ ಹೋಗಿ ಓದುವ ಭಾರತೀಯರಿಗೆ ಅಲ್ಲಿನ ಓದು ಉಚಿತವಲ್ಲ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2006ರಿಂದ ಶುಲ್ಕವಿದೆ. ‘ಡೆನ್ಮಾರ್ಕಿನಲ್ಲಿ ಫ್ರೀ’ ಎನ್ನುವ ಏಜೆಂಟರ ಮಾತು ನಂಬಿ ಹೊರಡಬೇಡಿ. ಎರಾಸ್ಮಸ್ ಮುಂಡುಸ್ ಮಾತ್ರ ನಮ್ಮವರಿಗೂ ಡೇನಿಶರಿಗೂ ಒಂದೇ ನಿಯಮದಡಿ ತೆರೆದಿದೆ. ಅರ್ಜಿಯನ್ನು ನೇರವಾಗಿ ಆಯಾ ಕೋರ್ಸಿಗೇ ಹಾಕಬೇಕು, ಹೆಚ್ಚಿನವುಗಳ ಗಡುವು ಅಕ್ಟೋಬರ್‌ನಿಂದ ಜನವರಿ ನಡುವೆ ಬರುತ್ತದೆ.